ಜನರಿಗೆ ಹೇಳುವ ಸುಳ್ಳಿಗೂ ಕಾನೂನು ಬೇಕು: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಕಾನೂನು ಮಾಡುವ ಸಭೆಯಲ್ಲಿ ಕೂತಿರುವವರು ನೀವು, ಅದಕ್ಕೇ ಈ ಪತ್ರ ನಿಮಗೆ. ಕಟಕಟೆಯಲ್ಲಿ ನಿಂತು ಗೊತ್ತಿದ್ದೂ ಸುಳ್ಳು ಹೇಳಿದರೆ ನಾನು ಜೈಲಿಗೆ ಹೋಗಬಹುದು. ಸುಳ್ಳು ಜಾಹೀರಾತು ಕೊಟ್ಟ ಕಂಪನಿ ದಂಡ ಕಟ್ಟಬೇಕಾಗಬಹುದು. ಆದರೆ ಒಬ್ಬ ನಾಯಕ ಸರಿಯಾದ ಲೆಕ್ಕ ಕೈಯಲ್ಲಿಟ್ಟುಕೊಂಡೇ ವೇದಿಕೆ ಹತ್ತಿ, ಲಕ್ಷಾಂತರ ಜನಕ್ಕೆ ತಪ್ಪು ಲೆಕ್ಕ ಹೇಳಿ ವೋಟು ತಗೊಂಡು ಹೋದರೆ? ಬಹುತೇಕ ಕಡೆ ಏನೂ ಆಗುವುದಿಲ್ಲ. ಎಷ್ಟು ಯೋಚಿಸಿದರೂ ಇದು ನನಗೆ ಒಪ್ಪಿಗೆಯಾಗುತ್ತಿಲ್ಲ.

ಬ್ರಿಟನ್ನಿನ ಎರಡು ಪ್ರಕರಣ ನೋಡಿ. 2010ರ ಸಂಸತ್ ಚುನಾವಣೆಯಲ್ಲಿ ಲೇಬರ್ ಪಕ್ಷದ ಫಿಲ್ ವೂಲಸ್ ಬರೀ 103 ಮತಗಳಿಂದ ಗೆದ್ದರು. ಕರಪತ್ರಗಳಲ್ಲಿ ಎದುರಾಳಿಯ ಬಗ್ಗೆ ಸುಳ್ಳು ಬರೆಸಿದ್ದರು ಎಂದು ಚುನಾವಣಾ ನ್ಯಾಯಾಲಯ ತೀರ್ಪು ಕೊಟ್ಟಿತು. ಗೆಲುವು ರದ್ದಾಯಿತು, ಮೂರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ ಎಂದಾಯಿತು. ಇನ್ನು ಯುರೋಪಿಯನ್ ಒಕ್ಕೂಟದಲ್ಲಿ ಬ್ರಿಟನ್ ಇರಬೇಕೋ ಬಿಡಬೇಕೋ ಎಂದು ಕೇಳಿದ 2016ರ ಜನಮತಗಣನೆ. ಆ ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಹೋಗುತ್ತಿದೆ ಎಂದು ಬಿಡಬೇಕು ಅನ್ನುವವರು ಬಸ್ಸಿನ ಮೇಲೆ ಬರೆಸಿ ಪ್ರಚಾರ ಮಾಡಿದರು. ಆ ದೇಶಕ್ಕೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೇ ಹೇಳಿದ ಲೆಕ್ಕ ಅದು, ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ತಕರಾರು ತೆಗೆದಿತ್ತು. ಈ ಮಾತಿಗಾಗಿ ಆ ಪ್ರಚಾರದ ಮುಂಚೂಣಿಯಲ್ಲಿದ್ದ ಬೋರಿಸ್ ಜಾನ್ಸನ್ ಮೇಲೆ ಒಬ್ಬರು ಖಾಸಗಿಯಾಗಿ ಕೇಸು ಹಾಕಿದರು. 2019ರಲ್ಲಿ ಸಮನ್ಸ್ ಹೊರಟಿತು, ಕೆಲವೇ ದಿನಗಳಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಅಂದರೆ ಎದುರಾಳಿಯ ಹೆಸರು ಕೆಡಿಸಿದರೆ ಕಾನೂನಿದೆ. ಭಾರತದ 1951ರ ಜನಪ್ರಾತಿನಿಧ್ಯ ಕಾಯ್ದೆಯ 123(4)ನೇ ಕಲಂ ಕೂಡ ಕಾಯುವುದು ಅಭ್ಯರ್ಥಿಯ ಹೆಸರನ್ನೇ. ಮತದಾರ ಮೋಸ ಹೋದರೆ ಕೇಳುವವರಿಲ್ಲ. ಅವನದ್ದೂ ನಷ್ಟವೇ ಅಲ್ವಾ?

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು, ಅದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಯಾವುದು ಸುಳ್ಳು ಎಂದು ಆಳುವವರೇ ತೀರ್ಮಾನಿಸಿದರೆ ಮೊದಲು ಮುಚ್ಚುವುದು ವಿರೋಧ ಪಕ್ಷದವರ ಬಾಯಿ, ಆಮೇಲೆ ಪತ್ರಕರ್ತರದ್ದು, ಆಮೇಲೆ ನಮ್ಮಂಥವರದ್ದು. ಹಾಗಾಗಿ ಕಾನೂನು ಚಿಕ್ಕದಾಗಿರಲಿ. ಅಧಿಕಾರದಲ್ಲಿ ಇರುವವರಿಗೆ, ಚುನಾವಣೆಗೆ ನಿಂತವರಿಗೆ ಮಾತ್ರ ಅನ್ವಯಿಸಲಿ. ಅಭಿಪ್ರಾಯದ ತಂಟೆಗೆ ಹೋಗುವುದು ಬೇಡ. ಈಡೇರದ ಭರವಸೆಯೂ ಬೇಡ, ಮಾತು ಕೊಟ್ಟು ಮಾಡಲಾಗದೆ ಹೋಗುವುದೇ ಬೇರೆ, ಆಗಿಹೋದದ್ದನ್ನು ಗೊತ್ತಿದ್ದೂ ತಿರುಚಿ ಹೇಳುವುದೇ ಬೇರೆ. ತೀರ್ಮಾನ ಕೋರ್ಟಿನದ್ದಾಗಿರಲಿ. ತಿದ್ದಿಕೊಳ್ಳಲು ಮೊದಲು ಅವಕಾಶ ಕೊಡಲಿ, ಸುಳ್ಳು ಹೇಳಿದಷ್ಟೇ ಜೋರಾಗಿ ಆ ತಿದ್ದುಪಡಿಯನ್ನೂ ಹೇಳಬೇಕು. ಅದಕ್ಕೂ ಒಪ್ಪದವರಿಗೆ ಶಿಕ್ಷೆ.

ಇದು ಆಗದ ಕೆಲಸವೇನಲ್ಲ. ದಕ್ಷಿಣ ಆಸ್ಟ್ರೇಲಿಯಾದ 1985ರ ಚುನಾವಣಾ ಕಾಯ್ದೆಯ 113ನೇ ಕಲಂ ಓದಿ. ಚುನಾವಣಾ ಜಾಹೀರಾತಿನಲ್ಲಿ ನಿಜ ಸಂಗತಿ ಎಂದು ಹೇಳಿದ್ದು ಜನರನ್ನು ದಾರಿ ತಪ್ಪಿಸುವಷ್ಟು ತಪ್ಪಾಗಿದ್ದರೆ ಅಲ್ಲಿ ಅಪರಾಧ. ಅದನ್ನು ಹಿಂದಕ್ಕೆ ತಗೊಂಡು ತಿದ್ದುಪಡಿ ಪ್ರಕಟಿಸಿ ಎಂದು ಚುನಾವಣಾ ಆಯುಕ್ತರು ಹೇಳಬಹುದು. ಜಾಹೀರಾತಿಗಷ್ಟೇ ಸೀಮಿತ, ನಿಜ. ಭಾಷಣಕ್ಕೂ ಅದು ಬರಬೇಕು ಅನ್ನುವುದೇ ನನ್ನ ಬೇಡಿಕೆ.

ಮುಂದಿನ ಅಧಿವೇಶನದಲ್ಲಿ ನೀವು ಇದನ್ನು ಖಾಸಗಿ ಮಸೂದೆಯಾಗಿ ತರುತ್ತೀರಾ? ಇಲ್ಲ ಎಂದಾದರೆ ಕಾರಣ ತಿಳಿಸಿ. ಉತ್ತರ ನನಗೊಬ್ಬನಿಗೆ ಬೇಡ, ಎಲ್ಲರೂ ಓದುವ ಹಾಗೆ ಬರೆಯಿರಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ