ಗುರುವಾರದ ಪಿಎಲ್‌ಜಿಎ ಬ್ಯಾಚ್: ತಯಾರಿ ಮತ್ತು ಬೆಳಕಿನ ಎಚ್ಚರಿಕೆ

ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ 9:30ಕ್ಕೆ ಟೆಮೊಪೊರ್ಫಿನ್ (ಬೆಳಕು ಬಿದ್ದಾಗ ಕೋಶಗಳನ್ನು ಕೊಲ್ಲುವ ಔಷಧ) ತುಂಬಿದ ಪಿಎಲ್‌ಜಿಎ (ತೇವ ತಾಗಿದರೆ ನಿಧಾನವಾಗಿ ಒಡೆಯುವ ಪಾಲಿಮರ್) ನ್ಯಾನೊಕಣಗಳ ಹೊಸ ಬ್ಯಾಚ್ ಶುರು. ಕಣ ಮಾಡುವವರಷ್ಟೇ ಅಲ್ಲ, ಕೋಶ ಪರೀಕ್ಷೆಯವರೂ ಓದಿ.

ಪಿಎಲ್‌ಜಿಎ ಬಾಟಲಿಯನ್ನು ಒಂದು ಗಂಟೆ ಮೊದಲೇ ಫ್ರೀಜರ್‌ನಿಂದ ಹೊರಗಿಡಿ. ತಣ್ಣಗಿರುವಾಗಲೇ ಮುಚ್ಚಳ ತೆರೆದರೆ ತೇವ ಒಳಸೇರಿ, ಪಾಲಿಮರ್ ಬಾಟಲಿಯಲ್ಲೇ ಒಡೆಯತೊಡಗುತ್ತದೆ. 1% ಪಿವಿಎಯನ್ನು (ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ವಸ್ತು) ಬುಧವಾರವೇ 80–90 ಡಿಗ್ರಿಯಲ್ಲಿ ಕರಗಿಸಿ, ಆರಿಸಿ, ಸೋಸಿಡಿ.

ಪಾಲಿಮರ್ 50 ಮಿ.ಗ್ರಾಂ, ಔಷಧ 2.5 ಮಿ.ಗ್ರಾಂ, ಅಸಿಟೋನ್ 5 ಮಿ.ಲೀ. ಇದನ್ನು ತಿರುಗುತ್ತಿರುವ 10 ಮಿ.ಲೀ. ಪಿವಿಎಗೆ ಹನಿಹನಿಯಾಗಿ ಬಿಡಿ. ಒಮ್ಮೆಲೇ ಸುರಿದರೆ ಗಂಟು ಗ್ಯಾರಂಟಿ. ಅಸಿಟೋನ್ ಹಾರಲು ಫ್ಯೂಮ್ ಹುಡ್‌ನಲ್ಲಿ ಮೂರ್ನಾಲ್ಕು ಗಂಟೆ. ಆಮೇಲೆ ಸೆಂಟ್ರಿಫ್ಯೂಜ್, ಮೂರು ಸಲ ತೊಳೆತ, 5% ಟ್ರೆಹಲೋಸ್ (ಒಂದು ಬಗೆಯ ಸಕ್ಕರೆ) ಬೆರೆಸಿ ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ಒಣಗಿಸುವುದು). ಟ್ರೆಹಲೋಸ್ ಬಿಟ್ಟರೆ ಪುಡಿ ಮತ್ತೆ ನೀರಿನಲ್ಲಿ ಬಿಡಿಬಿಡಿಯಾಗುವುದಿಲ್ಲ.

ಬೆಳಕಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಹುಡ್ ಲೈಟ್ ಆಫ್, ಪ್ರತಿ ಟ್ಯೂಬಿಗೂ ಫಾಯಿಲ್. ಬೆಳಕು ಬಿದ್ದರೆ ಔಷಧ ಬಣ್ಣಗೆಟ್ಟು ನಿಷ್ಕ್ರಿಯವಾಗುತ್ತದೆ. 652 ನ್ಯಾನೊಮೀಟರ್ ಲೇಸರ್ ಬೀಳದ ತಟ್ಟೆಯಲ್ಲೂ ಕೋಶಗಳು ಸಾಯುತ್ತಿದ್ದರೆ ಮೊದಲು ಬೆಳಕಿನ ಸೋರಿಕೆಯನ್ನೇ ಅನುಮಾನಿಸಿ.

ಔಷಧದ ಪ್ರಮಾಣವನ್ನು ಅದರ ಹೊಳಪಿನಿಂದ (ಫ್ಲೋರೆಸೆನ್ಸ್) ಅಳೆಯುವಾಗ ನೀರಿನಲ್ಲಿರುವ ಕಣಗಳಲ್ಲೇ ಅಳೆಯಬೇಡಿ. ಕಣದೊಳಗೆ ಒತ್ತೊತ್ತಾಗಿರುವ ಅಣುಗಳ ಹೊಳಪು ಅಡಗಿರುತ್ತದೆ, ಲೆಕ್ಕ ಕಡಿಮೆ ಬರುತ್ತದೆ. ಕಣಗಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಅಳೆಯಿರಿ.

ತೂಕ ಮಾಡುವವರು, ಫ್ರೀಜ್ ಡ್ರೈಯರ್ ನೋಡಿಕೊಳ್ಳುವವರು ಯಾರೆಂದು ಮಂಗಳವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ತೂಕಕ್ಕೆ ಕೈಗವಸು, ಮಾಸ್ಕ್ ಕಡ್ಡಾಯ.