ಟಿಕೆಟ್‌ನಲ್ಲಿ ಮೂರು ಗಂಟೆ, ಆಕಾಶದಲ್ಲಿ ಹದಿನಾರೂವರೆ

ಮಾನ್ಯ ಸಂಪಾದಕರೇ,

ದೂರದ ಎರಡು ನಗರಗಳ ನಡುವೆ ಹೊಸ ವಿಮಾನ ಆರಂಭವಾದಾಗ ಅದು ಹೊರಡುವ ವೇಳೆ, ಇಳಿಯುವ ವೇಳೆ ಮತ್ತು ಕಿಲೊಮೀಟರ್ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತವೆ. ವಿಮಾನದೊಳಗೆ ಒಟ್ಟು ಎಷ್ಟು ಗಂಟೆ ಕೂರಬೇಕೆಂಬುದು ಮಾತ್ರ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ.

ಕೆಲವು ವರ್ಷಗಳ ಹಿಂದೆ, ಚಳಿಗಾಲದಲ್ಲಿ, ಬಳ್ಳಾರಿಯ ನಮ್ಮ ಓಣಿಯ ಹಿರಿಯ ದಂಪತಿ ಮಗಳ ಬಾಣಂತನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದರು. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುವುದೆಂದು ಟಿಕೆಟ್‌ನಲ್ಲಿತ್ತು. ಬಳ್ಳಾರಿಯಿಂದ ದೇವನಹಳ್ಳಿ ಮುಟ್ಟಲು ಹಿಡಿಯುವ ಹೊತ್ತಿಗಿಂತ ಇದು ಕಡಿಮೆ ಎಂದೇ ನಂಬಿದ್ದ ಅವರು, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೆಲ್ಲ ದೊಡ್ಡ ಸೂಟ್‌ಕೇಸಿನ ತಳದಲ್ಲಿ, ಶೇಂಗಾ ಚಟ್ನಿಪುಡಿಯ ಡಬ್ಬಿಗಳ ಕೆಳಗಿಟ್ಟು ಹಗ್ಗ ಬಿಗಿದುಬಿಟ್ಟಿದ್ದರು. ಟಿಕೆಟ್ ಮಾಡಿಕೊಟ್ಟವರು ಅವರಿಗೆ ಒಂದು ಮಾತೂ ತಿಳಿಸಿರಲಿಲ್ಲ. ಹಿಂದಿನ ದಿನ ಟಿಕೆಟ್ ತೋರಿಸಲು ಬಂದದ್ದರಿಂದ, ಹಗ್ಗ ಬಿಚ್ಚಿಸಿ ಮಾತ್ರೆಗಳನ್ನೂ ವೈದ್ಯರ ಚೀಟಿಯನ್ನೂ ಕೈಚೀಲಕ್ಕೆ ಹಾಕಿಸಿದೆ.

ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಟಿಕೆಟ್‌ನ ಮೂರು ಗಂಟೆಗೆ ಇದನ್ನು ಕೂಡಿಸಿದರೆ ನಿಜವಾದ ಪ್ರಯಾಣ ಹದಿನಾರೂವರೆ ಗಂಟೆ. ಮರಳುವಾಗ ಲೆಕ್ಕ ತಿರುವುಮುರುವಾಗುತ್ತದೆ. ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಕ್ಯಾಲೆಂಡರಿನಲ್ಲಿ ಎರಡು ದಿನ ಸರಿದಿದ್ದರೂ ಹಾರಿದ್ದು ಸುಮಾರು ಹದಿನೇಳು ಗಂಟೆ.

ದೂರದ ಲೆಕ್ಕವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಗೋಡೆಯ ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ಅಡ್ಡಗೆರೆ ಎಳೆಯುವ ನಾವು, ಗ್ಲೋಬಿನ ಮೇಲೆ ದಾರ ಹಿಡಿದು ಬಿಗಿಯಾಗಿ ಎಳೆದರೆ ಅದು ಜಾರಿ ಜಾರಿ ಉತ್ತರ ಧ್ರುವದ ಹತ್ತಿರ ನಿಲ್ಲುವುದನ್ನು ಕಾಣುತ್ತೇವೆ; ಭೂಗೋಳ ಶಿಕ್ಷಕನಾಗಿದ್ದಾಗ ನಾನು ಮಕ್ಕಳ ಕೈಯಿಂದಲೇ ಇದನ್ನು ಮಾಡಿಸುತ್ತಿದ್ದೆ. ಆ ದಾರದ ಅಳತೆಯೇ ಸುಮಾರು 14,000 ಕಿ.ಮೀ., ಅಂದರೆ ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಆದರೆ ವಿಮಾನ ದಾರದ ಗುಂಟವೇ ಹಾರಬೇಕೆಂದಿಲ್ಲ. ಹತ್ತು ಕಿಲೊಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿ ಬೆನ್ನಿಗೆ ಸಿಗುವುದರಿಂದ, ಇಲ್ಲಿಂದ ಹೋಗುವಾಗ ಪೆಸಿಫಿಕ್ ಸಾಗರದ ಮೇಲಿನ ಸುತ್ತುದಾರಿಯೇ ಲಾಭದಾಯಕವಾಗಬಹುದು. ಹೀಗಾಗಿ ಕಿಲೊಮೀಟರನ್ನು ವೇಗದಿಂದ ಭಾಗಿಸಿದ ಮಾತ್ರಕ್ಕೆ ಪ್ರಯಾಣದ ಗಂಟೆ ಸಿಗುವುದಿಲ್ಲ.

ಆದ್ದರಿಂದ ಇಂಥ ಸುದ್ದಿ ಪ್ರಕಟಿಸುವಾಗ ಹೊರಡುವ ಮತ್ತು ಇಳಿಯುವ ವೇಳೆಯ ಮುಂದೆ 'ಸ್ಥಳೀಯ ಕಾಲಮಾನ' ಎಂದು ನಮೂದಿಸಿ, ಹೋಗುವ ಮತ್ತು ಬರುವ ಒಟ್ಟು ಗಂಟೆಗಳನ್ನು ಬೇರೆಬೇರೆಯಾಗಿ ಕೊಡಬೇಕೆಂದು ವಿನಂತಿಸುತ್ತೇನೆ. ಟಿಕೆಟ್ ಮಾಡಿಕೊಡುವವರೂ ಇದನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆದು ಹಿರಿಯರ ಕೈಗೆ ಕೊಡಲಿ.

– ನಿವೃತ್ತ ಶಿಕ್ಷಕ, ಬಳ್ಳಾರಿ