ಉಪಗ್ರಹ ನೋಡಲಿ, ಮನೆಯವರನ್ನೂ ಕೇಳಲಿ

ಸಂಪಾದಕರೇ,

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟ ಹಬ್ಬುತ್ತಲೇ ಇದೆ. ಇದನ್ನು ಉಪಗ್ರಹ ಚಿತ್ರಗಳಲ್ಲಿ ನೋಡಬಹುದು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ ಇವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್ ಉದ್ದಗಲದ ಜಾಗ. ಎರಡೂ ಉಚಿತ.

ಆದರೆ ರೈತ ಮೆಕ್ಕೆಜೋಳ ಬಿಟ್ಟು ಅಡಿಕೆ ಹಾಕಿದ್ದೇಕೆ? ಕೂಲಿಯಾಳು ಸಿಗಲಿಲ್ಲವೇ, ಬೆಲೆ ಬಿತ್ತೇ, ಮಗ ಬೆಂಗಳೂರಿಗೆ ಹೋದನೇ? ಬೋರ್‌ವೆಲ್‌ಗೆ ಎಷ್ಟು ಸಾಲ? ಇದನ್ನೆಲ್ಲ ಮನೆಗೆ ಹೋಗಿಯೇ ಕೇಳಬೇಕು, ಅಲ್ವಾ? ಗಂಡಸರನ್ನಷ್ಟೇ ಕೇಳಿದರೆ ಸಾಲದು, ಕಳೆ ಕೀಳುವ ಹೆಣ್ಣುಮಕ್ಕಳಿಗೆ ಜಾಸ್ತಿ ಗೊತ್ತಿರುತ್ತದೆ. ಆ ಮನೆಯವರ ಹೊಲದ ಗಡಿಯನ್ನು ಜಿಪಿಎಸ್‌ನಲ್ಲಿ ಗುರುತಿಸಿದರೆ ಚಿತ್ರಕ್ಕೂ ಉತ್ತರಕ್ಕೂ ತಾಳೆ ಹಾಕಬಹುದು. ಹೆಸರು ಮಾತ್ರ ಗುಟ್ಟಾಗಿರಲಿ.

ದಾವಣಗೆರೆ ವಿಶ್ವವಿದ್ಯಾಲಯ, ಕೃಷಿ ಇಲಾಖೆ ಸೇರಿ ಒಂದು ಹೋಬಳಿಯಲ್ಲಾದರೂ ಇದನ್ನು ಶುರು ಮಾಡಲಿ.

– ಓದುಗ, ದಾವಣಗೆರೆ